ಮೇಜಿನ ಮೇಲಿನ ಬೇಹು ವಾಹನವೂ ರಂಗಸ್ಥಳದ ರಥವೂ

ರಜೆಯಲ್ಲಿ ಬೆಂಗಳೂರಿನಿಂದಲೋ ಕೊಲ್ಲಿ ನಾಡಿನಿಂದಲೋ ಕಾಸರಗೋಡಿಗೆ ಬರುವ ಮಕ್ಕಳ ಕೈಯಲ್ಲಿ ಈಗ ಯುದ್ಧದ ಆಟಗಳಿವೆ. ಕೆಲವು ಫೋನಿನಲ್ಲಿ, ಕೆಲವು ಮೇಜಿನ ಮೇಲೆ. ಅದೇ ಮಕ್ಕಳನ್ನು ಯಕ್ಷಗಾನಕ್ಕೆ ಕರೆದುಕೊಂಡು ಹೋದರೆ ಸ್ವಲ್ಪ ಹೊತ್ತಿಗೆಲ್ಲ 'ಇಲ್ಲಿ ಏನು ನಡೆಯುತ್ತಿದೆ?' ಎಂದು ಕೇಳುತ್ತಾರೆ. ಕೇಳಿದ್ದು ತಪ್ಪಲ್ಲ, ನಾವು ವಿವರಿಸಿಲ್ಲ ಅಷ್ಟೆ. ಅವರಿಗೆ ಗೊತ್ತಿರುವ ಒಂದು ವಾಹನದಿಂದಲೇ ಆ ವಿವರಣೆಯನ್ನು ಶುರು ಮಾಡಬಹುದು.

ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ ಎಂಬ ಸಂಸ್ಥೆ 1987ರಲ್ಲಿ 'ವಾರ್‌ಹ್ಯಾಮರ್ 40,000' ಎಂಬ ಆಟವನ್ನು ಹೊರತಂದಿತು. ಕಥೆ ನಡೆಯುವುದು ಸಾವಿರಾರು ವರ್ಷಗಳ ಮುಂದಿನ ಕಾಲದಲ್ಲಿ. ಆಟಗಾರರು ಬಣ್ಣ ಬಳಿದ ಪುಟ್ಟ ಬೊಂಬೆಗಳನ್ನು ಮೇಜಿನ ಮೇಲೆ ಹೂಡಿ, ಅಳತೆಪಟ್ಟಿ ಹಿಡಿದು ನಡೆಸಿ, ದಾಳ ಎಸೆದು ಕಾದಾಡುತ್ತಾರೆ. ಅದರಲ್ಲಿ 'ಸ್ಕೌಟ್ ಸೆಂಟಿನೆಲ್' ಎಂಬ ಬೇಹು ವಾಹನವಿದೆ. ಚಕ್ರಗಳಿಲ್ಲ, ಎರಡು ಕಾಲಿನಲ್ಲಿ ನಡೆಯುತ್ತದೆ. ಒಳಗೆ ಒಬ್ಬನೇ ಚಾಲಕ, ಹೊರಗೆ ಒಂದು ದೊಡ್ಡ ಆಯುಧ. ಚಾಲಕನ ಗೂಡು ತೆರೆದದ್ದು, ಕವಚ ತೆಳು. ಉಳಿದ ಸೈನ್ಯ ಹೊರಡುವ ಮೊದಲೇ ಇದು ಸ್ವಲ್ಪ ದೂರ ಮುಂದೆ ಹೋಗಿ ನಿಲ್ಲಬಹುದು ಎಂಬುದು ಆಟದ ನಿಯಮ. ಹಾಗಾಗಿ ಮೊದಲ ಏಟು ಬೀಳುವುದೂ ಹೆಚ್ಚಾಗಿ ಇದಕ್ಕೇ.

ಕಲ್ಪನೆಯ ವಾಹನಕ್ಕೆ ಇಂಥ ದೌರ್ಬಲ್ಯ ಏಕೆ ಬೇಕು? ಇಲ್ಲದಿದ್ದರೆ ಆಟವೇ ಇರುವುದಿಲ್ಲ. ಪ್ರಷ್ಯಾದ ಸೇನಾಧಿಕಾರಿ ರೈಸ್‌ವಿಟ್ಸ್ 1824ರಲ್ಲಿ ಪ್ರಕಟಿಸಿದ ಯುದ್ಧದಾಟ ಅಧಿಕಾರಿಗಳ ತರಬೇತಿಗಾಗಿ ಮಾಡಿದ್ದು. ಅದರಲ್ಲಿ ನಡುವೆ ಒಬ್ಬ ತೀರ್ಪುಗಾರನಿರುತ್ತಾನೆ. ಆಟಗಾರನ ಪಡೆಗೆ ನಿಜವಾಗಿ ಕಾಣುವಷ್ಟು ಶತ್ರುಗಳನ್ನು ಮಾತ್ರ ಅವನು ನಕ್ಷೆಯ ಮೇಲೆ ತೋರಿಸುತ್ತಾನೆ. ನೋಡಬೇಕೆಂದರೆ ಯಾರಾದರೂ ಮುಂದೆ ಹೋಗಬೇಕು. ಮುಂದೆ ಹೋದವನು ಹಿಂದೆ ಬರದಿರಬಹುದು. ಬೇಹಿನ ವಾಹನದ ಕಥೆಯೆಲ್ಲ ಈ ಎರಡು ಮಾತಿನಲ್ಲಿದೆ.

ನಮ್ಮಲ್ಲಿ ಆ ವಾಹನ ರಥ. ಆನೆ, ಕುದುರೆ, ಕಾಲಾಳುಗಳ ಜತೆ ಅದು ಚತುರಂಗ ಬಲದ ಒಂದು ಅಂಗ. ಚದುರಂಗದ ಆಟಕ್ಕೆ ಹೆಸರು ಬಂದದ್ದೂ ಅಲ್ಲಿಂದಲೇ. ಮಹಾಭಾರತದ ಲೆಕ್ಕದಲ್ಲಿ ಒಂದು ಅಕ್ಷೌಹಿಣಿಯೆಂದರೆ 21,870 ರಥ, ಅಷ್ಟೇ ಆನೆ, 65,610 ಕುದುರೆ, 1,09,350 ಕಾಲಾಳು. ಕುರುಕ್ಷೇತ್ರದಲ್ಲಿ ಸೇರಿದ್ದು ಇಂಥ 18 ಅಕ್ಷೌಹಿಣಿ.

ಇಷ್ಟು ದೊಡ್ಡ ಸೈನ್ಯವನ್ನು ಯಕ್ಷಗಾನ ಹೇಗೆ ತೋರಿಸುತ್ತದೆ? ರಂಗಸ್ಥಳದಲ್ಲಿ ಬಟ್ಟೆ ಹೊದೆಸಿದ ಒಂದು ಮರದ ಪೀಠವಿರುತ್ತದೆ. ಅದನ್ನು ಕರೆಯುವುದೇ 'ರಥ' ಎಂದು. ರಾಜ ಕುಳಿತರೆ ಅದು ಸಿಂಹಾಸನ, ವೀರ ಬಿಲ್ಲು ಹಿಡಿದು ಏರಿದರೆ ಯುದ್ಧದ ರಥ. ಕುದುರೆ ಇಲ್ಲ, ಚಕ್ರ ಇಲ್ಲ. ಅದರ ವೇಗ ಇರುವುದು ಚೆಂಡೆಯ ಪೆಟ್ಟಿನಲ್ಲಿ, ಭಾಗವತರ ಪದದಲ್ಲಿ, ವೇಷಧಾರಿಯ ಕುಣಿತದಲ್ಲಿ. ಮೇಜಿನ ಮೇಲಿನ ಬೆರಳುದ್ದದ ಬೊಂಬೆಯನ್ನು ದೊಡ್ಡ ಯಂತ್ರವೆಂದು ಒಪ್ಪುವ ಮಗು ಈ ಪೀಠವನ್ನು ರಥವೆಂದು ಖಂಡಿತ ಒಪ್ಪುತ್ತದೆ. ನಿಯಮ ಏನೆಂದು ಯಾರಾದರೂ ಹೇಳಬೇಕು, ಅಷ್ಟೆ.

ಬೇಹಿಗೆ ಹೊರಟ ರಥ ಬೇಕಿದ್ದರೆ ವಿರಾಟಪರ್ವವನ್ನು ನೋಡಿ. ಒಂದು ಕಡೆ ಸುಶರ್ಮ ಹಿಡಿದ ಗೋವುಗಳನ್ನು ಬಿಡಿಸಲು ವಿರಾಟರಾಯ ಸೈನ್ಯದೊಡನೆ ಹೋಗಿದ್ದಾನೆ. ಇನ್ನೊಂದು ಕಡೆ ಕೌರವರು ಗೋವುಗಳನ್ನು ಹಿಡಿದ ಸುದ್ದಿ ಬಂದಾಗ ಅರಮನೆಯಲ್ಲಿರುವುದು ಉತ್ತರಕುಮಾರ. ತನಗೆ ಸಾರಥಿಯಿಲ್ಲ, ಇದ್ದಿದ್ದರೆ ಕೌರವರನ್ನು ನೋಡಿಕೊಳ್ಳುತ್ತಿದ್ದೆ ಎಂಬ ಬಡಾಯಿ ಬೇರೆ. ಬೃಹನ್ನಳೆ ಸಾರಥಿಯಾಗಿ ರಥ ಹೊರಟು, ಕಡಲಿನಂಥ ಕೌರವ ಸೇನೆ ಎದುರಾದಾಗ ಉತ್ತರ ರಥದಿಂದ ಧುಮುಕಿ ಓಡುತ್ತಾನೆ. ಬೃಹನ್ನಳೆ ಅಟ್ಟಿ ಹಿಡಿಯುತ್ತಾಳೆ. ಆಮೇಲೆ ಶಮೀವೃಕ್ಷದಿಂದ ಆಯುಧ ಇಳಿಯುತ್ತದೆ, ಸಾರಥಿ ಅರ್ಜುನನಾಗುತ್ತಾನೆ, ರಾಜಕುಮಾರ ಸಾರಥಿಯಾಗುತ್ತಾನೆ. ಪ್ರೇಕ್ಷಕರು ಉತ್ತರನ ಓಟಕ್ಕೆ ನಗುತ್ತಾರೆ. ಆದರೆ ಸೈನ್ಯವನ್ನು ಹತ್ತಿರದಿಂದ ಕಂಡ ಮೇಲೆಯೇ ಅವನಿಗೆ ತನ್ನ ಅಳತೆ ತಿಳಿದದ್ದು, ಅದೇ ರಥದಲ್ಲಿ ಅವನು ಮರಳಿ ಯುದ್ಧಕ್ಕೆ ಬಂದದ್ದು.

ಸೆಂಟಿನೆಲ್‌ನಲ್ಲಿ ಓಡಿಸುವವನೂ ಹೊಡೆಯುವವನೂ ಒಬ್ಬನೇ. ರಥದಲ್ಲಿ ಇಬ್ಬರು. ನಮ್ಮ ಪ್ರಸಂಗಗಳ ರುಚಿ ಹೆಚ್ಚಾಗಿ ಆ ಇಬ್ಬರ ನಡುವೆಯೇ ಹುಟ್ಟುತ್ತದೆ. ಕರ್ಣಪರ್ವದಲ್ಲಿ ಸರ್ಪಾಸ್ತ್ರ ಬರುವಾಗ ಕೃಷ್ಣ ರಥವನ್ನು ನೆಲಕ್ಕೆ ಅದುಮುತ್ತಾನೆ. ಬಾಣ ಕಿರೀಟವನ್ನು ಒಯ್ಯುತ್ತದೆ, ಅರ್ಜುನ ಉಳಿಯುತ್ತಾನೆ. ಎದುರಿನ ರಥದಲ್ಲಿ ಕರ್ಣನಿಗೂ ಶಲ್ಯನಿಗೂ ಸರಿಹೋಗದು. ಕೊನೆಗೆ ಆ ರಥದ ಚಕ್ರ ನೆಲದಲ್ಲಿ ಹೂತುಹೋಗುತ್ತದೆ. ಬಿಲ್ಲಾಳುಗಳಿಬ್ಬರೂ ಸರಿಸಮರು, ಆದರೆ ಸಾರಥಿಯ ಮೇಲಿನ ನಂಬಿಕೆ ಒಂದು ರಥದಲ್ಲಿ ಮಾತ್ರ ಇತ್ತು.

ತಾಳಮದ್ದಳೆಯಲ್ಲಿ ಪೀಠದ ರಥವೂ ಇಲ್ಲ, ವೇಷವೂ ಇಲ್ಲ. ಅರ್ಥಧಾರಿ ಕುಳಿತಲ್ಲೇ ಮಾತಿನಿಂದ ರಥ ಕಟ್ಟುತ್ತಾನೆ. ಈ ಕಲೆಯಲ್ಲಿ ಕನ್ನಡನಾಡೆಲ್ಲ ಗುರುತಿಸಿದ ಶೇಣಿ ಗೋಪಾಲಕೃಷ್ಣ ಭಟ್ಟರು (1918-2006) ನಮ್ಮ ಕಾಸರಗೋಡಿನವರು. ಅವರ ರಥಕ್ಕೆ ಮರದ ತುಂಡೂ ಬೇಕಿರಲಿಲ್ಲ, ಕನ್ನಡ ಬೇಕಿತ್ತು.

ಗಡಿನಾಡಿನ ನಮಗೆ ಚಿಂತೆಯ ವಿಷಯ ಇರುವುದೂ ಅಲ್ಲಿಯೇ. ಬೊಂಬೆಯ ಆಟಕ್ಕೆ ನಿಯಮದ ಪುಸ್ತಕವಿದೆ, ಯಾವ ಭಾಷೆಯ ಮಗುವೂ ಓದಿ ಆಡಬಹುದು. ರಂಗಸ್ಥಳದ ನಿಯಮಗಳು ಪುಸ್ತಕದಿಂದಲ್ಲ, ಪಕ್ಕದಲ್ಲಿ ಕುಳಿತ ಹಿರಿಯರ ಬಾಯಿಂದ ಬರುವಂಥವು. ಶಾಲೆಯಲ್ಲಿ ಕನ್ನಡ ಕಲಿಯದ ಮಕ್ಕಳು ನಮ್ಮ ಮನೆಗಳಲ್ಲಿಯೇ ಇದ್ದಾರೆ. ಅವರಿಗೆ ಪದ್ಯದ ಅರ್ಥ ಆಗದಿರಬಹುದು, ರಥ ಅರ್ಥವಾದರೆ ಕಥೆಯ ಒಳಗೆ ಬರುತ್ತಾರೆ. ಆಮೇಲೆ ಮಾತಿನ ಕಡೆಗೆ ಕಿವಿ ತಾನಾಗಿ ಹೋಗುತ್ತದೆ.

ಆದ್ದರಿಂದ ಸದಸ್ಯರಲ್ಲಿ ಒಂದು ವಿನಂತಿ. ಮುಂದಿನ ಆಟಕ್ಕೆ ಹೋಗುವಾಗ ಮನೆಯ ಒಂದು ಮಗುವನ್ನಾದರೂ ಜತೆಗೆ ಕರೆದುಕೊಳ್ಳಿ. ಹೊರಡುವ ಮುನ್ನ ಐದು ನಿಮಿಷ ಕುಳಿತು ಅದರ ಆಟದ ವಾಹನ ಯಾವುದು, ಹೇಗೆ ನಡೆಯುತ್ತದೆ ಎಂದು ಕೇಳಿ. ಅದು ಹೇಳಿ ಮುಗಿಸಿದ ಮೇಲೆ ನಮ್ಮ ರಥದ ವಿಷಯ ನೀವು ಹೇಳಿ.