ಹೋಟೆಲಿನ ಎರಡನೆಯ ಬಾಗಿಲು

ಸಾಂತಾಕ್ರೂಜ್ ಸ್ಟೇಷನ್ನಿನಲ್ಲಿ ಪೂರ್ವಕ್ಕೆ ಇಳಿಯಲಿ ಪಶ್ಚಿಮಕ್ಕೆ ಇಳಿಯಲಿ, ಸ್ವಲ್ಪ ದೂರ ನಡೆದರೆ ನಮ್ಮವರ ಹೋಟೆಲೊಂದು ಕಣ್ಣಿಗೆ ಬೀಳದೆ ಇರದು. ಎಂಟು ಹತ್ತು ಮೇಜು, ಗಲ್ಲೆಯ ಹಿಂದೆ ದೇವರ ಪಟ, ಒಳಗೆ ಇಡ್ಲಿಯ ಹಬೆ; ಇಷ್ಟರಲ್ಲಿಯೇ ಹತ್ತು ಹದಿನೈದು ಸಂಸಾರಗಳ ಅನ್ನ ನಡೆಯುತ್ತದೆ. ಇಂಥ ಹೋಟೆಲುಗಳಿಗೆ ಹಿಂದೆ ರಸ್ತೆಯ ಕಡೆಗೆ ಒಂದೇ ಬಾಗಿಲಿತ್ತು. ಈಗ ಎರಡನೆಯದೊಂದು ತೆರೆದಿದೆ. ಅದು ಗಿರಾಕಿಯ ಅಂಗೈಯಲ್ಲಿರುವ ಮೊಬೈಲಿನ ಒಳಗಿನ ಬಾಗಿಲು; ವೆಬ್‌ಸೈಟ್ ಎಂದೂ ಜಾಲತಾಣವೆಂದೂ ಅದಕ್ಕೆ ಹೆಸರು. ಸಣ್ಣ ವ್ಯಾಪಾರಿಗೆ ಅದು ಬೇಕೆ, ಬೇಕಾದರೆ ಅದನ್ನು ನಡೆಸುವ ಧರ್ಮ ಯಾವುದು ಎಂಬುದನ್ನು ಕುರಿತು ನಾಲ್ಕು ಮಾತು ಬರೆಯಬೇಕೆನಿಸಿದೆ. ಗಲ್ಲೆಯಲ್ಲಿ ಬಹುಕಾಲ ಕುಳಿತು ಆ ಬಳಿಕ ಲೇಖನಿ ಹಿಡಿದವರು ನಾವು. ಈ ಮಾತುಗಳಲ್ಲಿ ಪುಸ್ತಕದ ವಾಸನೆಗಿಂತ ಒಗ್ಗರಣೆಯ ವಾಸನೆಯೇ ಹೆಚ್ಚಾಗಿದ್ದರೆ ವಾಚಕರು ಸೈರಿಸಬೇಕು.

ಮೊದಲು ರಸ್ತೆಯ ಬಾಗಿಲಿನ ಮೇಲಿರುವ ಬೋರ್ಡನ್ನು ನೋಡೋಣ. ಅದು ಬರಿಯ ಹೆಸರಲ್ಲ, ಒಂದು ವಾಗ್ದಾನ. ಇಡ್ಲಿ ದೊರೆಯುತ್ತದೆಂದು ಬರೆದ ಮೇಲೆ ಇಡ್ಲಿ ದೊರೆಯಬೇಕು. ದರ ಬರೆದ ಮೇಲೆ ಆ ದರಕ್ಕೇ ದೊರೆಯಬೇಕು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದು ಹೋಟೆಲಿನವನಿಗೆ ಹೇಳಿ ಮಾಡಿಸಿದ ಗಾದೆ. 1942ರಲ್ಲಿ ಎ. ರಾಮ ನಾಯಕರು ಮಾಟುಂಗಾ ಸ್ಟೇಷನ್ನಿನ ಬಳಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ತೆರೆದಾಗ ಅಂಗೈಯಲ್ಲಿ ಮೊಬೈಲಿರಲಿಲ್ಲ. ಬಾಳೆಯೆಲೆಯ ಮೇಲೆ ಉಂಡೆದ್ದವನು ಮಾರನೆಯ ದಿನ ಆಫೀಸಿನಲ್ಲಿ ಪಕ್ಕದ ಗುಮಾಸ್ತನಿಗೆ ಹೇಳಿದನು. ಅದೇ ಆ ಕಾಲದ ಜಾಲ.

ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್ ಈ ವಿಷಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 1924ರಲ್ಲಿ ಮಯ್ಯ ಸಹೋದರರು ಆರಂಭಿಸಿದ ಆ ಸಂಸ್ಥೆಯ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ ಅಲ್ಲಿಯ ಹೋಟೆಲುಗಳ ಶುಚಿತ್ವವನ್ನು ಕಂಡು ಬಂದರು. ಬಂದವರು ಪಾತ್ರೆಗಳನ್ನು ಹಬೆಯಲ್ಲಿ ಶುದ್ಧಗೊಳಿಸುವ ಏರ್ಪಾಡು ಮಾಡಿದರು. ಗಿರಾಕಿಗಳು ಅಡಿಗೆಮನೆಯನ್ನು ಕಣ್ಣಾರೆ ನೋಡಲೆಂದು ಬಿಟ್ಟರು. ತುರ್ತುಪರಿಸ್ಥಿತಿಯ ಕಾಲದಲ್ಲಿ, 1975ರ ಬಳಿಕ, ಸರಕಾರ ತಿಂಡಿಯ ದರಗಳನ್ನು ಬಲುಮಟ್ಟಿಗೆ ತಗ್ಗಿಸಿದಾಗ, ಆ ದರಕ್ಕೆ ತಮ್ಮ ಗುಣವನ್ನು ಉಳಿಸಿಕೊಳ್ಳುವುದು ಕಷ್ಟವೆಂದು ಕಂಡ ಸಂಸ್ಥೆ ಸಿದ್ಧ ಹಿಟ್ಟುಗಳ ವ್ಯಾಪಾರಕ್ಕೆ ಕೈಹಾಕಿತು. ಬೋರ್ಡಿಗೂ ಅಡಿಗೆಮನೆಗೂ ನಡುವೆ ಸುಳ್ಳು ಬರಬಾರದೆಂಬ ಹಠ ಎಂದರೆ ಇದು. ನಮ್ಮ ಜಾಲತಾಣವೂ ಈ ವಂಶದ್ದೇ ಆಗಬೇಕು. ಅದು ಅಡಿಗೆಮನೆಗೆ ತೆರೆದ ಕಿಟಕಿಯಾಗಬಹುದು, ಅಡಿಗೆಮನೆಯನ್ನು ಮುಚ್ಚುವ ಬಣ್ಣದ ಪರದೆಯೂ ಆಗಬಹುದು.

ಜಾಲತಾಣವೆಂಬುದು ಹುಟ್ಟಿದ್ದು ವ್ಯಾಪಾರಕ್ಕಾಗಿ ಅಲ್ಲ. ಜಿನೀವಾ ನಗರದ ಸಮೀಪದ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ಎಂಬವರು ವಿಜ್ಞಾನಿಗಳು ತಮ್ಮ ಕಾಗದಪತ್ರಗಳನ್ನು ಪರಸ್ಪರ ಹಂಚಿಕೊಳ್ಳಲೆಂದು ಇದನ್ನು ರೂಪಿಸಿದರು. 1991ರಲ್ಲಿ ಅದು ಲೋಕಕ್ಕೆ ತೆರೆಯಿತು. ನಮ್ಮ ದೇಶದ ಸಾರ್ವಜನಿಕರಿಗೆ ಇಂಟರ್ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು. 2008ರಲ್ಲಿ ಹೋಟೆಲುಗಳ ತಿಂಡಿಪಟ್ಟಿಗಳನ್ನು ಒಂದೆಡೆ ತೋರಿಸುವ ತಾಣವಾಗಿ ಆರಂಭವಾದದ್ದು ಮುಂದೆ ಜೊಮ್ಯಾಟೊ ಎನಿಸಿತು. 2014ರಲ್ಲಿ ಬೆಂಗಳೂರಿನಲ್ಲಿ ಸ್ವಿಗ್ಗಿ ಹುಟ್ಟಿತು. ಇವು ತಿಂಡಿಯನ್ನು ಮನೆಗೆ ಮುಟ್ಟಿಸುವ ಕಂಪನಿಗಳಾಗಿ ಬೆಳೆದವು. ಬರಬರುತ್ತ ಅನೇಕ ಗಿರಾಕಿಗಳಿಗೆ ಹೋಟೆಲಿನ ವಿಳಾಸವೆಂದರೆ ಕಂಪನಿಯ ಪುಟವೇ ಎಂಬಂತಾಯಿತು.

2020ರ ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಹಾಕಿಕೊಂಡ ದಿನಗಳನ್ನು ನಮ್ಮ ವಾಚಕರು ಮರೆತಿರಲಾರರು. ಮಹಾರಾಷ್ಟ್ರದಲ್ಲಿ ಗಿರಾಕಿಗಳನ್ನು ಕೂಡಿಸಿ ಬಡಿಸಲು ಅಪ್ಪಣೆ ದೊರೆತದ್ದು ಅಕ್ಟೋಬರ್ 5ರಂದು, ಅದೂ ಅರ್ಧದಷ್ಟು ಜನಕ್ಕೆ. ಆ ಆರು ತಿಂಗಳು ಮೇಜುಗಳು ಗೋಡೆಗೆ ಒರಗಿದ್ದವು. ಹುಡುಗರು ಊರಿಗೆ ಹೋದರು. ಕೆಲವು ಹೋಟೆಲುಗಳು ಮತ್ತೆ ತೆರೆಯಲೇ ಇಲ್ಲ. ಪಾರ್ಸೆಲಿನ ಮೇಲೆ ಉಸಿರು ಹಿಡಿದವರಿಗೆ ಮಾತ್ರ ಒಂದು ಸತ್ಯ ತಿಳಿಯಿತು: ಗಿರಾಕಿಗೂ ತಮಗೂ ನೇರವಾದ ದಾರಿಯಿದೆಯೆ, ಇಲ್ಲವೆ ಆ ದಾರಿಯಲ್ಲಿ ಇನ್ನೊಬ್ಬರ ಸುಂಕದ ಕಟ್ಟೆಯಿದೆಯೆ ಎಂಬುದು.

ಸುಂಕದ ಲೆಕ್ಕ ಸುಲಭವಾಗಿದೆ. ಇನ್ನೂರು ರೂಪಾಯಿಯ ಪಾರ್ಸೆಲಿಗೆ ನೂರಕ್ಕೆ ಇಪ್ಪತ್ತೈದರಂತೆ ದಲಾಲಿ ಎಂದು ಇಟ್ಟುಕೊಂಡರೆ ಕೈಗೆ ಬರುವುದು ನೂರೈವತ್ತು. ಅಕ್ಕಿ, ಉದ್ದು, ಎಣ್ಣೆ, ಗ್ಯಾಸು, ಬಾಡಿಗೆ, ಸಂಬಳ ಎಲ್ಲವೂ ಅದರೊಳಗೇ ಆಗಬೇಕು. ಹೋಟೆಲುಗಳ ರಾಷ್ಟ್ರೀಯ ಸಂಘ ಈ ಕಂಪನಿಗಳ ವಿರುದ್ಧ ದೂರು ಒಯ್ದು, ಸ್ಪರ್ಧಾ ಆಯೋಗ 2022ರ ಏಪ್ರಿಲಿನಲ್ಲಿ ತನಿಖೆಗೆ ಆಜ್ಞೆ ಮಾಡಿತು. ಹಾಗೆಂದು ನಾವು ಕಂಪನಿಗಳನ್ನು ಬರಿದೆ ದೂಷಿಸುವವರಲ್ಲ. ನಮ್ಮ ಬೀದಿಯನ್ನು ಎಂದೂ ತುಳಿಯದವನ ಮನೆಗೆ ನಮ್ಮ ದೋಸೆಯನ್ನು ಮುಟ್ಟಿಸಿದವರು ಅವರು. ಜಾತ್ರೆಯಲ್ಲಿ ಅಂಗಡಿ ಹಾಕಿದರೆ ಜಾಗದ ಬಾಡಿಗೆ ಕೊಡಲೇಬೇಕು. ಆದರೆ ಜಾತ್ರೆಯ ಅಂಗಡಿಯನ್ನೇ ಮನೆಯೆಂದು ತಿಳಿದವನ ಗತಿಯೇನು?

ನಾವು ಹೋಟೆಲು ನಡೆಸುತ್ತಿದ್ದಾಗಿನ ಒಂದು ಸಂಗತಿ. ಒಂದು ದೊಡ್ಡ ಕಂಪನಿಯ ಪುಟದಲ್ಲಿ ನಮ್ಮ ಹೋಟೆಲು ಮುಚ್ಚಿದೆಯೆಂದು ಎಂಟು ದಿನ ತೋರುತ್ತಿತ್ತು. ಇತ್ತ ಷಟರು ತೆರೆದಿದೆ, ಭಟ್ಟರು ಹಂಚಿನ ಮುಂದೆ ನಿಂತಿದ್ದಾರೆ, ಸಾಂಬಾರು ಕುದಿಯುತ್ತಿದೆ. ಅತ್ತ ಲೋಕದ ಕಣ್ಣಿಗೆ ನಾವು ಇಲ್ಲವೇ ಇಲ್ಲ! ಬರೆದ ಪತ್ರಗಳಿಗೆ ಬಂದ ಉತ್ತರವು ಯಂತ್ರದ ಉತ್ತರವಾಗಿತ್ತು. ಆ ಎಂಟು ದಿನ ಹೋಟೆಲನ್ನು ನಡೆಸಿದವರು ಯಾರೆಂದರೆ, ಆ ಪುಟವನ್ನು ಎಂದೂ ನೋಡದೆ ಬೆಳಿಗ್ಗೆ ಏಳೂವರೆಯ ಲೋಕಲಿಗೆ ಮುಂಚೆ ಕಾಪಿ ಕುಡಿಯುವ ನಿತ್ಯದ ಗಿರಾಕಿಗಳು. ಇರುವುದೆಂದರೇನು, ತೋರುವುದೆಂದರೇನು ಎಂಬುದು ವೇದಾಂತಿಗಳ ದೊಡ್ಡ ಪ್ರಶ್ನೆ. ಅದು ಗಲ್ಲೆಯ ಮುಂದೆಯೂ ಬಂದು ನಿಲ್ಲುವುದೆಂದು ಅಂದು ನಮಗೆ ಮನವರಿಕೆಯಾಯಿತು.

ಆದುದರಿಂದ ಸಣ್ಣದಾದರೂ ಸ್ವಂತದ ತಾಣವೊಂದಿರಲಿ ಎಂಬುದು ನಮ್ಮ ಅಭಿಪ್ರಾಯ. ಇದರಲ್ಲಿಯೂ ಎಚ್ಚರ ಬೇಕು. ತಾಣದ ಹೆಸರನ್ನು ಒಮ್ಮೆ ಕೊಂಡರೆ ಶಾಶ್ವತವಾಗಿ ನಮ್ಮದಾಗುವುದಿಲ್ಲ. ಅದು ಗೊತ್ತಾದ ವರುಷಗಳ ಗುತ್ತಿಗೆ. ಅವಧಿ ತೀರಿದಾಗ ಹಣ ಕಟ್ಟದಿದ್ದರೆ ಕೆಲವು ದಿನಗಳ ಸಾವಕಾಶದ ಬಳಿಕ ಹೆಸರು ಬಿಟ್ಟುಹೋಗಿ, ಬೇಕಾದವರು ಅದನ್ನು ಹಿಡಿಯಬಹುದು. ಮುಂಬಯಿಯ ಪಗಡಿ ಖೋಲಿಗಳಲ್ಲಿ ಬಾಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನೊಂದು ಮಾತು: ತಾಣವನ್ನು ಮಾಡಿಕೊಟ್ಟ ಹುಡುಗನ ಹೆಸರಿನಲ್ಲಿ ಅದು ನೋಂದಣಿಯಾಗಿದ್ದರೆ, ಅವನು ಕೆಲಸ ಬಿಟ್ಟು ಹೋದ ದಿನ ಬಾಗಿಲಿನ ಬೀಗದಕೈಯೂ ಹೋಯಿತು. ಧಣಿಗಳು ಅದನ್ನು ತಮ್ಮ ಹೆಸರಿನಲ್ಲಿಯೇ ಮಾಡಿಸಿ, ಪಾಸ್‌ವರ್ಡನ್ನು ಅಂಗಡಿಯ ಲೈಸೆನ್ಸಿನೊಡನೆ ಕಾಪಾಡಬೇಕು.

ಪುಟದಲ್ಲಿ ಏನು ಬರೆಯಬೇಕು? ವಿಳಾಸ, ಪೂರ್ವವೊ ಪಶ್ಚಿಮವೊ ಎಂಬುದು, ತೆರೆಯುವ ಮುಚ್ಚುವ ವೇಳೆ, ಫೋನ್ ನಂಬರು, ತಿಂಡಿಯ ಪಟ್ಟಿ, ದರ, ಆ ದರ ಬರೆದ ತಾರೀಖು, ಆಹಾರ ಸುರಕ್ಷತಾ ಲೈಸೆನ್ಸಿನ 14 ಅಂಕೆಗಳು. ಇಷ್ಟು ಸಾಕು. ಬೇರೆ ಯಾರದೋ ತಟ್ಟೆಯ ಇಡ್ಲಿಯ ಚಿತ್ರ ಬೇಡ. ಅಡಿಗೆಮನೆಯಲ್ಲಿ ಇಪ್ಪತ್ತು ಬಗೆ ಆಗುತ್ತಿರುವಾಗ ಪುಟದಲ್ಲಿ ನೂರು ಬಗೆ ಬೇಡ. ಭಾಷೆಯ ಮಾತೂ ಒಂದಿದೆ. 2022ರ ತಿದ್ದುಪಡಿಯಂತೆ ಮಹಾರಾಷ್ಟ್ರದಲ್ಲಿ ಸಣ್ಣ ಅಂಗಡಿಗಳ ಬೋರ್ಡೂ ಮರಾಠಿಯಲ್ಲಿರಬೇಕು. ಅನ್ನವಿತ್ತ ನೆಲದ ಭಾಷೆಗೆ ಮೊದಲ ಮಣೆ ಸಲ್ಲತಕ್ಕದ್ದೇ. ಸ್ವಂತದ ಪುಟದಲ್ಲಿಯಾದರೋ ಸ್ಥಳಕ್ಕೆ ಬಾಡಿಗೆಯಿಲ್ಲ; ಮರಾಠಿ, ಹಿಂದಿ, ಇಂಗ್ಲಿಷುಗಳ ಜೊತೆಗೆ ಕನ್ನಡಕ್ಕೂ ನಾಲ್ಕು ಸಾಲು ಕೊಡಲು ಅಡ್ಡಿಯೇನು?

ಇಲ್ಲಿ ನಮ್ಮ ಕೆಲಸಗಾರ ವಾಚಕರಿಗೆ ಸಂಬಂಧಿಸಿದ ಮುಖ್ಯ ವಿಷಯ ಬರುತ್ತದೆ. ಬೆಳಿಗ್ಗೆ ಐದಕ್ಕೆ ತೆರೆಯುತ್ತದೆಂದು ಪುಟದಲ್ಲಿ ಬರೆಯುವವರು ಧಣಿಗಳು. ವಿಮಾನ ಹಿಡಿಯಲು ಹೊರಟವನು ಅದನ್ನೋದಿ ಐದಕ್ಕೆ ಸರಿಯಾಗಿ ಬಂದು ನಿಲ್ಲುತ್ತಾನೆ. ಐದಕ್ಕೆ ಇಡ್ಲಿ ಬೇಯಬೇಕಾದರೆ ನಾಲ್ಕಕ್ಕೆ ಎದ್ದು ಒಲೆ ಹಚ್ಚುವವನು ಯಾರು? ರಾತ್ರಿ ಹನ್ನೊಂದಕ್ಕೆ ಮೇಜು ಒರಸಿ ಮಲಗಿದ ಹುಡುಗನೇ. ಒಂದು ಬೆರಳಿನಿಂದ ಒತ್ತಿದ ಅಕ್ಷರವನ್ನು ನಡೆಸಿಕೊಡಲು ಇನ್ನೊಬ್ಬನ ಎರಡು ಕೈ, ಎರಡು ಕಾಲು ಸವೆಯುತ್ತವೆ. ಆದುದರಿಂದ ವೇಳೆಯನ್ನೂ ತಿಂಡಿಯ ಪಟ್ಟಿಯನ್ನೂ ಬರೆಯುವ ಮೊದಲು ಭಟ್ಟರನ್ನೂ ಸಪ್ಲಾಯರರನ್ನೂ ಒಮ್ಮೆ ಕೇಳುವುದು ಧಣಿಗಳಿಗೆ ಸಣ್ಣತನವಲ್ಲ, ನ್ಯಾಯ. ನಡೆಸಲಾಗದ ವಾಗ್ದಾನವನ್ನು ಆಳುಗಳ ಬೆನ್ನ ಮೇಲೆ ಹೊರಿಸಿ ಕಟ್ಟಿದ ಕೀರ್ತಿ ಬಹುದಿನ ನಿಲ್ಲದು.

ನಕ್ಷತ್ರಗಳ ಮಾತನ್ನೂ ಇಷ್ಟರಲ್ಲಿ ಮುಗಿಸೋಣ. ಇಂದು ಎಷ್ಟು ಮಂದಿ ಪುಟ ನೋಡಿದರು, ಯಾರು ಎಷ್ಟು ನಕ್ಷತ್ರ ಕೊಟ್ಟರು ಎಂದು ಗಳಿಗೆಗೊಮ್ಮೆ ಎಣಿಸುವ ಚಟ ಕೆಲವರಿಗೆ ಹತ್ತಿದೆ. ಉಪ್ಪು ಹೆಚ್ಚಾಯಿತೆಂದು ಒಬ್ಬನು ಬರೆದರೆ, ಉತ್ತರ ಬರೆಯುವುದಕ್ಕೆ ಮುಂಚೆ ಸಾಂಬಾರಿನ ರುಚಿ ನೋಡಬೇಕು. ಮಾತು ನಿಜವಾದರೆ ತಿದ್ದಬೇಕು; ಸುಳ್ಳಾದರೆ ವಿನಯದಿಂದ ಎರಡು ಸಾಲು ಬರೆದು ಕೆಲಸಕ್ಕೆ ತೊಡಗಬೇಕು. ನಮ್ಮ ಶರಣರು ಕಾಯಕವೆಂದು ಕರೆದದ್ದು ಮೈಮುರಿದು ಮಾಡುವ ಕೆಲಸವನ್ನು. ಅದನ್ನು ನೋಡಿದವರ ಸಂಖ್ಯೆಯನ್ನಲ್ಲ. ಸಣ್ಣ ಹೋಟೆಲು ದೊಡ್ಡದಾಗಲಾರದೆ ಉಳಿದದ್ದೆಂದು ಯಾರೂ ಕುಗ್ಗಬೇಕಾಗಿಲ್ಲ. ಗಿರಾಕಿಯ ಮುಖ ನೋಡಿಯೇ ಸಕ್ಕರೆ ಕಡಿಮೆಯ ಕಾಪಿ ತರುವ ವಿದ್ಯೆ ಅಲ್ಲಿಯೇ ಉಳಿದಿದೆ.

ಕೊನೆಗೆ ಆಫೀಸುಗಳಲ್ಲಿರುವ ಗುಮಾಸ್ತ ಬಂಧುಗಳಲ್ಲಿ ಒಂದು ವಿಜ್ಞಾಪನೆ. ಹಿಂದೆ ಈ ನಗರದಲ್ಲಿ ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿ ಮುಂದೆ ಬಂದವರ ಸಂಖ್ಯೆ ಸಣ್ಣದಲ್ಲ. ಅವರಿಗೆ ಪಾಠ ಹೇಳಿದವರಲ್ಲಿ ಹಗಲು ಬೇರೆ ನೌಕರಿ ಮಾಡುತ್ತಿದ್ದವರೂ ಇದ್ದರು. ಆ ಋಣವನ್ನು ತೀರಿಸಲು ಈಗಲೂ ದಾರಿಯಿದೆ. ಕಂಪ್ಯೂಟರು ಬಲ್ಲ ನೀವು ಒಂದು ಭಾನುವಾರ ನಿಮ್ಮ ಊರಿನವರ ಹೋಟೆಲಿಗೆ ಹೋಗಿ ಪುಟವೊಂದನ್ನು ಮಾಡಿಕೊಡಿರಿ; ಅದನ್ನು ತಿದ್ದುವ ಕ್ರಮವನ್ನು ಅಲ್ಲಿಯ ಒಬ್ಬ ಹುಡುಗನಿಗೂ ಕಲಿಸಿರಿ. ದರ ಏರಿದ ದಿನ ಗೋಡೆಯ ಬೋರ್ಡನ್ನು ತಿದ್ದುವ ಕೈಯೇ ಪುಟವನ್ನೂ ತಿದ್ದುವಂತಾಗಲಿ.