ಸ್ನಾಯುವ್ಯಾಧಿಯುಳ್ಳವರ ಸಾಧನೆಯೂ ನಮ್ಮ ಮನ್ನಣೆಯೂ

ಸಾಧಕರನ್ನು ಮನ್ನಿಸುವುದು ಸಭ್ಯಸಮಾಜದ ಲಕ್ಷಣವೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಮನ್ನಣೆಯಲ್ಲಿಯೂ ಎರಡು ಬಗೆಗಳುಂಟು. ಒಬ್ಬರು ಮಾಡಿದ ಕೆಲಸವನ್ನು ಅರಿತು ಮೆಚ್ಚುವುದು ಒಂದು. ಕೆಲಸವೇನೆಂಬುದನ್ನು ವಿಚಾರಿಸದೆಯೇ, ‘ಪಾಪ, ಇಂಥ ಸ್ಥಿತಿಯಲ್ಲಿಯೂ ಇಷ್ಟು ಮಾಡಿದರಲ್ಲಾ’ ಎಂದು ಮರುಗಿ ಹಾರ ಹಾಕುವುದು ಮತ್ತೊಂದು. ನರ ಮತ್ತು ಸ್ನಾಯುಗಳ ವ್ಯಾಧಿಯೊಡನೆ ಬಾಳುತ್ತಿರುವ ವಯಸ್ಕರಿಗೆ ಬಹುಮಟ್ಟಿಗೆ ದೊರೆಯುವುದು ಈ ಎರಡನೆಯ ಬಗೆಯದೇ. ಮೊದಲನೆಯದು ಅವರಿಗೆ ಏಕೆ ಸಲ್ಲಬೇಕು, ಅದನ್ನು ಸಲ್ಲಿಸುವ ರೀತಿ ಯಾವುದು ಎಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ತಾಯ್ತಂದೆಗಳ ಮುಂದೆ ನಿವೇದಿಸುವುದೇ ಈ ಲೇಖನದ ಉದ್ದೇಶವು.

ಮೊದಲು ವ್ಯಾಧಿಯ ಸ್ವರೂಪವನ್ನು ತಿಳಿಯೋಣ. ನಾವು ಕೈಯೆತ್ತಲು ಬಯಸಿದೊಡನೆ ಮಿದುಳಿನ ಆಜ್ಞೆಯು ಬೆನ್ನುಹುರಿಗೆ ಇಳಿದು, ಅಲ್ಲಿಂದ ನರದಲ್ಲಿ ಹರಿದು, ನರವೂ ಸ್ನಾಯುವೂ ಕೂಡುವ ಸಂಧಿಯನ್ನು ದಾಟಿ ಸ್ನಾಯುವನ್ನು ಮುಟ್ಟುತ್ತದೆ. ಈ ದಾರಿಯಲ್ಲಿ ಎಲ್ಲಿ ಕೆಟ್ಟರೂ ಸ್ನಾಯುವು ಬಲಗುಂದುವುದು. ಎ.ಎಲ್.ಎಸ್. ಎಂಬ ವ್ಯಾಧಿಯಲ್ಲಿಯೂ ಸ್ಪೈನಲ್ ಮಸ್ಕ್ಯುಲರ್ ಅಟ್ರೊಫಿಯಲ್ಲಿಯೂ ಚಲನೆಯ ಆಜ್ಞೆಯನ್ನು ಒಯ್ಯುವ ನರಕೋಶಗಳು ನಾಶವಾಗುತ್ತವೆ. ಮಯಸ್ತೇನಿಯಾ ಗ್ರೇವಿಸ್ ಎಂಬುದರಲ್ಲಿ ಕೆಡುವುದು ನರಸ್ನಾಯುಗಳ ಸಂಧಿ. ಮಸ್ಕ್ಯುಲರ್ ಡಿಸ್ಟ್ರೊಫಿಯಲ್ಲಿ ಸ್ನಾಯುವೇ ಕ್ರಮೇಣ ಕ್ಷಯಿಸುತ್ತದೆ. ಇವು ಯಾವುವೂ ಅಂಟುರೋಗಗಳಲ್ಲ. ಹಲವು ವಂಶವಾಹಿನಿಯ ದೋಷದಿಂದ ಬರತಕ್ಕವು. ಆ ದೋಷವು ಮನೆತನದಲ್ಲಿ ಹಿಂದೆ ಇರದೆ ಮಗುವಿನಲ್ಲಿಯೇ ಹೊಸದಾಗಿ ತೋರುವುದೂ ಉಂಟು. ಆದುದರಿಂದ ತಾಯಿಯನ್ನು ದೂರುವುದು ಅಜ್ಞಾನವೂ ಹೌದು, ಕ್ರೌರ್ಯವೂ ಹೌದು. ಇವುಗಳಲ್ಲಿ ಬಹುಪಾಲು ವ್ಯಾಧಿಗಳು ದೇಹದ ಬಲವನ್ನು ಕುಂದಿಸುವವೇ ಹೊರತು ಬುದ್ಧಿಯನ್ನು ಕುಂದಿಸುವುದಿಲ್ಲವೆಂಬುದನ್ನು ವಾಚಕರು ಮುಖ್ಯವಾಗಿ ಗಮನಿಸಬೇಕು.

ವಯಸ್ಕರ ಮಾತನ್ನೇ ನಾವು ಎತ್ತಿದುದಕ್ಕೆ ಕಾರಣವುಂಟು. ಡ್ಯುಶೆನ್ ಎಂಬ ಫ್ರೆಂಚ್ ವೈದ್ಯನು 19ನೆಯ ಶತಮಾನದಲ್ಲಿ ವಿವರಿಸಿದ, ಅವನ ಹೆಸರಿನಿಂದಲೇ ಕರೆಯಲ್ಪಡುವ ಮಸ್ಕ್ಯುಲರ್ ಡಿಸ್ಟ್ರೊಫಿಯು ಮುಖ್ಯವಾಗಿ ಗಂಡುಮಕ್ಕಳಿಗೆ ಬರುವುದು. ಹಿಂದೆ ಆ ಬಾಲಕರಲ್ಲಿ ಹೆಚ್ಚಿನವರು ಇಪ್ಪತ್ತನ್ನು ದಾಟುತ್ತಿರಲಿಲ್ಲ. ಈಗ ಉಸಿರಾಟಕ್ಕೆ ನೆರವಾಗುವ ಯಂತ್ರಗಳಿಂದಲೂ ಸ್ಟೀರಾಯ್ಡ್ ಔಷಧಗಳಿಂದಲೂ ಹೃದಯದ ಉಪಚಾರದಿಂದಲೂ ಅನೇಕರು ಮೂವತ್ತನ್ನು ಮುಟ್ಟುತ್ತಾರೆ, ದಾಟುತ್ತಲೂ ಇದ್ದಾರೆ. ‘ಎಷ್ಟು ದಿನ ಇರುವ ಜೀವವೋ, ಇದಕ್ಕೆ ಓದೇಕೆ’ ಎಂದು ಶಾಲೆ ಬಿಡಿಸಿದ ಮಗುವು ಮೂವತ್ತು ವರ್ಷದ ಮನುಷ್ಯನಾಗಿ ವಿದ್ಯೆಯೂ ಉದ್ಯೋಗವೂ ಇಲ್ಲದೆ ಕುಳಿತರೆ, ಆ ನಷ್ಟವನ್ನು ಮಾಡಿದ್ದು ವ್ಯಾಧಿಯಲ್ಲ, ನಮ್ಮ ನಿರ್ಧಾರ.

ಇಂಗ್ಲೆಂಡಿನ ಸ್ಟೀಫನ್ ಹಾಕಿಂಗ್‌ರವರ ಹೆಸರನ್ನು ಕೇಳದವರಿಲ್ಲ. 1963ರಲ್ಲಿ, ತಮ್ಮ 21ನೆಯ ವಯಸ್ಸಿನಲ್ಲಿ, ಎ.ಎಲ್.ಎಸ್. ಇದೆಯೆಂದು ತಿಳಿದಾಗ ವೈದ್ಯರು ಅವರಿಗೆ ಕೊಟ್ಟ ಅವಧಿ ಸುಮಾರು ಎರಡೇ ವರ್ಷ. ಕೇಂಬ್ರಿಜ್ ವಿಶ್ವವಿದ್ಯಾನಿಲಯವು ಆ ಮಾತನ್ನೇ ನಂಬಿ ಅವರನ್ನು ಮನೆಗೆ ಕಳುಹಿಸಿದ್ದರೆ, ಕಪ್ಪುರಂಧ್ರಗಳು ವಿಕಿರಣವನ್ನು ಹೊರಸೂಸುತ್ತವೆಂಬ 1974ರ ಸಿದ್ಧಾಂತವು ಅವರಿಂದ ಬರುತ್ತಿರಲಿಲ್ಲ. ನ್ಯೂಟನ್ನನು ಹಿಂದೆ ಅಲಂಕರಿಸಿದ್ದ ಲುಕೇಸಿಯನ್ ಪೀಠದಲ್ಲಿ ಅವರು 1979ರಿಂದ 2009ರವರೆಗೆ ಪ್ರಾಧ್ಯಾಪಕರಾಗಿದ್ದರು. ಕೈ ಬರೆಯದಾದಾಗ ಗಣಿತವನ್ನು ಮನಸ್ಸಿನಲ್ಲಿಯೇ ಚಿತ್ರರೂಪವಾಗಿ ಕಂಡರು. 1985ರಲ್ಲಿ ಗಂಟಲಿನ ಶಸ್ತ್ರಕ್ರಿಯೆಯಿಂದ ಮಾತು ನಿಂತುಹೋದ ಮೇಲೆ ಯಂತ್ರದ ಧ್ವನಿಯಿಂದ ಮಾತನಾಡಿದರು; ಕಡೆಯ ವರ್ಷಗಳಲ್ಲಿ ಕೆನ್ನೆಯ ಒಂದು ಸ್ನಾಯುವಿನ ಅಲುಗಾಟದಿಂದಲೇ ಅಕ್ಷರಗಳನ್ನು ಆರಿಸಿ ವಾಕ್ಯಗಳನ್ನು ಕಟ್ಟಿದರು. 2018ರಲ್ಲಿ, 76ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಅವರ ವ್ಯಾಧಿಯು ಅಸಾಧಾರಣವಾಗಿ ನಿಧಾನವಾಗಿ ಬೆಳೆಯಿತು. ಆ ಆಯುಸ್ಸು ಎಲ್ಲರಿಗೂ ದೊರೆಯುವುದಿಲ್ಲ. ಶುಶ್ರೂಷಕರೂ ಶಿಷ್ಯರೂ ಯಂತ್ರಜ್ಞರೂ ಹಗಲಿರುಳು ಅವರಿಗೆ ನೆರವಾಗಿದ್ದರೆಂಬುದೂ ನಿಜ. ಆದರೆ ನೆರವು ಪಡೆದುದರಿಂದ ಅವರ ಸಿದ್ಧಾಂತದ ಬೆಲೆ ತಗ್ಗಿತೇ? ವಿಜ್ಞಾನಿಗಳು ಅದನ್ನು ವಿಜ್ಞಾನದ ತಕ್ಕಡಿಯಲ್ಲಿಯೇ ತೂಗಿದರು. ಕನಿಕರದ ತಕ್ಕಡಿಯಲ್ಲಿ ಅಲ್ಲ. ನಿಜವಾದ ಮನ್ನಣೆಯೆಂದರೆ ಇದೇ.

ಹೆಣ್ಣುಮಕ್ಕಳು ಅರಿಯಬೇಕಾದ ಮತ್ತೊಂದು ಹೆಸರು ಅಮೆರಿಕೆಯ ಆಲಿಸ್ ವಾಂಗ್‌ರವರದು. ಹಾಂಗ್‌ಕಾಂಗ್‌ನಿಂದ ವಲಸೆ ಬಂದ ತಾಯ್ತಂದೆಗಳಿಗೆ 1974ರಲ್ಲಿ ಜನಿಸಿದ ಈಕೆಗೆ ಹುಟ್ಟಿನಿಂದ ಸ್ನಾಯುವ್ಯಾಧಿಯಿತ್ತು. 2014ರಲ್ಲಿ ಈಕೆ ಅಂಗವಿಕಲರ ಜೀವನವೃತ್ತಾಂತಗಳನ್ನು ಅವರ ಬಾಯಿಂದಲೇ ಸಂಗ್ರಹಿಸುವ ಕಾರ್ಯವನ್ನು ಕೈಕೊಂಡರು. ತಮ್ಮಂಥವರ ಕಥೆಯನ್ನು ಪರರು ಹೇಳುವುದಕ್ಕಿಂತ ತಾವೇ ಹೇಳಬೇಕೆಂಬುದು ಅವರ ಸಂಕಲ್ಪವಾಗಿತ್ತು. 2015ರಲ್ಲಿ ತಾವು ಪ್ರಯಾಣ ಮಾಡದೆ, ದೂರದಿಂದ ನಡೆಸಬಹುದಾದ ಯಂತ್ರವೊಂದರ ಮೂಲಕ ಅಧ್ಯಕ್ಷ ಒಬಾಮರವರನ್ನು ಶ್ವೇತಭವನದಲ್ಲಿ ಕಂಡು ಮಾತನಾಡಿದರು. 2024ರಲ್ಲಿ ಮೆಕಾರ್ಥರ್ ಫೆಲೋಶಿಪ್ ಎಂಬ ಹಿರಿಯ ಗೌರವವು ಅವರಿಗೆ ಸಂದಿತು; ಮರುವರ್ಷ ಅವರು ಕಾಲವಶರಾದರು. ವ್ಯಾಧಿಯನ್ನು ಸಹಿಸಿದುದಕ್ಕಾಗಿ ಬಂದ ಗೌರವವಲ್ಲ ಅದು. ಸಂಪಾದಕಿಯಾಗಿ, ಲೇಖಕಿಯಾಗಿ ಮಾಡಿದ ಸೇವೆಗಾಗಿ ಬಂದದ್ದು.

ನಮ್ಮ ದೇಶದಲ್ಲಿಯೂ ಇಂಥವರಿದ್ದಾರೆ. ಪ್ರಸಿದ್ಧ ನಟರಾದ ಅಮಿತಾಭ್ ಬಚ್ಚನ್‌ರವರಿಗೆ 1984ರಲ್ಲಿ ಮಯಸ್ತೇನಿಯಾ ಗ್ರೇವಿಸ್ ಇರುವುದು ತಿಳಿದುಬಂತು. ಚಿಕಿತ್ಸೆ ಪಡೆದು ಮತ್ತೆ ದಶಕಗಳ ಕಾಲ ನಟಿಸಿದರು. ತಕ್ಕ ಚಿಕಿತ್ಸೆಯಿಂದ ಈ ವ್ಯಾಧಿಯನ್ನು ಹತೋಟಿಯಲ್ಲಿಡಬಹುದೆಂಬುದಕ್ಕೆ ಇದೊಂದು ನಿದರ್ಶನ. ಹಿಮಾಚಲ ಪ್ರದೇಶದ ಸೋಲನ್‌ನಲ್ಲಿ 1992ರಲ್ಲಿ ಮಸ್ಕ್ಯುಲರ್ ಡಿಸ್ಟ್ರೊಫಿಯುಳ್ಳವರ ಅಖಿಲ ಭಾರತ ಮಟ್ಟದ ಸಂಘವೊಂದು ಹುಟ್ಟಿತು. ಅದನ್ನು ಕಟ್ಟಿ ಮುನ್ನಡೆಸಿದ ಸಂಜನಾ ಗೋಯಲ್‌ರವರು ಸ್ವತಃ ಅದೇ ವ್ಯಾಧಿಯುಳ್ಳವರು. ನೆರವು ಬೇಡತಕ್ಕವರೆಂದು ಲೋಕವು ಎಣಿಸಿದವರೇ ನೆರವು ನೀಡುವ ಸಂಸ್ಥೆಯನ್ನು ನಡೆಸಿದರು.

ಕಾನೂನಿನ ಮನ್ನಣೆಯೂ ತಡವಾಗಿಯಾದರೂ ಬಂದಿದೆ. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ಹೆಸರಿಸಿರುವ 21 ಬಗೆಯ ವೈಕಲ್ಯಗಳಲ್ಲಿ ಮಸ್ಕ್ಯುಲರ್ ಡಿಸ್ಟ್ರೊಫಿಯೂ ಸೇರಿದೆ. ನೂರಕ್ಕೆ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳವರಿಗೆ ಸರ್ಕಾರಿ ಉದ್ಯೋಗಗಳಲ್ಲಿ ನೂರಕ್ಕೆ 4ಕ್ಕೆ ಕಡಿಮೆಯಾಗದಂತೆಯೂ, ಸರ್ಕಾರದ ಹಾಗೂ ಸರ್ಕಾರದ ಧನಸಹಾಯವುಳ್ಳ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ನೂರಕ್ಕೆ 5ಕ್ಕೆ ಕಡಿಮೆಯಾಗದಂತೆಯೂ ಸ್ಥಾನಗಳನ್ನು ಮೀಸಲಿಡಬೇಕೆಂದು ಅದು ವಿಧಿಸಿದೆ. ಆದರೆ ಶಾಲೆಯನ್ನೇ ಮುಗಿಸದ ಹುಡುಗಿಗೆ ಈ ಮೀಸಲು ಸ್ಥಾನದಿಂದ ಏನು ಪ್ರಯೋಜನ?

ಹಾಗಾದರೆ ನಮ್ಮ ಕರ್ತವ್ಯವೇನು? ಮೆಟ್ಟಿಲು ಹತ್ತಲಾರದ ಬಾಲಿಕೆಯಿದ್ದರೆ ಅವಳ ತರಗತಿಯನ್ನು ಕೆಳಅಂತಸ್ತಿಗೆ ತರಬೇಕು. ಕೈಬರಹ ಆಗದಿದ್ದರೆ ಪರೀಕ್ಷೆಯಲ್ಲಿ ಅವಳು ಹೇಳಿದುದನ್ನು ಬರೆದುಕೊಳ್ಳುವವರನ್ನೂ ಹೆಚ್ಚಿನ ಸಮಯವನ್ನೂ ಕೇಳಿ ಪಡೆಯಬೇಕು. ಉತ್ತರಪತ್ರಿಕೆಯನ್ನು ಮಾತ್ರ ಉಳಿದವರದರಂತೆಯೇ ತಿದ್ದಬೇಕು. ಕನಿಕರದಿಂದ ಕೊಟ್ಟ ಅಂಕವು ಅವಳಿಗೆ ಅವಮಾನವೇ ಸರಿ. ಉದ್ಯೋಗ ಕೊಡುವ ಸ್ಥಾನದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ‘ನಡೆಯಬಲ್ಲಳೇ’ ಎಂದು ಕೇಳುವ ಮೊದಲು ‘ಲೆಕ್ಕ ಬಲ್ಲಳೇ, ಭಾಷೆ ಬಲ್ಲಳೇ’ ಎಂದು ಕೇಳಲಿ. ಇಂಥವರನ್ನು ಸಭೆಗೆ ಕರೆಯುವಾಗ ಗಾಲಿಕುರ್ಚಿಯು ವೇದಿಕೆಯನ್ನು ಏರಲು ಇಳಿಜಾರು ಹಾದಿಯಿದೆಯೇ ಎಂದು ಮೊದಲು ನೋಡೋಣ. ವೇದಿಕೆಯ ಕೆಳಗೆ ನಿಲ್ಲಿಸಿ ಹಾಕಿದ ಹಾರವು ಎಷ್ಟು ದೊಡ್ಡದಾದರೂ ಅದು ಮನ್ನಣೆಯಾಗದು.

ತಾಯ್ತಂದೆಗಳಲ್ಲಿ ನಮ್ಮದೊಂದು ಪ್ರಾರ್ಥನೆ. ಮನೆಯಲ್ಲಿ ಬಲಗುಂದಿದ ಮಗಳೊಬ್ಬಳಿದ್ದರೆ ಅವಳ ಆಯುಸ್ಸನ್ನು ನೀವು ಎಣಿಸಬೇಡಿರಿ. ಅವಳ ಪುಸ್ತಕಗಳನ್ನು ಸಿದ್ಧಪಡಿಸಿರಿ. ಅವಳನ್ನು ಶಾಲೆಯ ಬಾಗಿಲವರೆಗೆ ಕರೆತರುವುದು ನಿಮ್ಮ ಭಾರವಾದರೆ, ಅಲ್ಲಿಂದ ಮುಂದಕ್ಕೆ ಅವಳಿಗೆ ದಾರಿಮಾಡುವುದು ನಮ್ಮ ಭಾರ.