ಗೋಧಿ ಒಗ್ಗದು, ಕಾಯಿಲೆಗೆ ಹೆಸರಿಲ್ಲ

ತುಂಗಭದ್ರೆಯ ದಡದ ಹೊಳಲೂರು, ಶಿವಮೊಗ್ಗದಿಂದ ಹೊನ್ನಾಳಿಗೆ ಹೋಗುವ ದಾರಿಯಲ್ಲಿರುವ ಊರು. ಸುತ್ತ ಭತ್ತದ ಗದ್ದೆ, ಅಡಿಕೆ ತೋಟ. ಅನ್ನವೇ ಮುಖ್ಯ ಆಹಾರವಾದ ಇಂಥ ಕಡೆ ಹೊಟ್ಟೆ ಕೆಟ್ಟರೆ ಗೋಧಿಯ ಮೇಲೆ ಅನುಮಾನ ಪಡುವವರು ಕಡಿಮೆ. ಹಿಂದಿನವರಿಗೆ ಗೋಧಿಯೆಂದರೆ ಹಬ್ಬದ ಹೋಳಿಗೆಯ ಕಣಕ, ಮದುವೆಯ ಚಿರೋಟಿ. ಈಗ ಬೆಳಿಗ್ಗೆ ಉಪ್ಪಿಟ್ಟು, ಚಹಾದ ಜತೆ ಬಿಸ್ಕತ್ತು, ಮಕ್ಕಳಿಗೆ ಬ್ರೆಡ್ಡು. ಮನೆಯಲ್ಲೊಬ್ಬರಿಗೆ ಸಕ್ಕರೆ ಕಾಯಿಲೆ ಬಂದರೆ ರಾತ್ರಿ ಅನ್ನದ ಬದಲು ಚಪಾತಿ.

ಹೀಗೆ ಗೋಧಿ ಹೆಚ್ಚಿದ ಮನೆಗಳಲ್ಲಿ ಒಂದು ದೂರು ಕೇಳಿಬರುವುದುಂಟು. ಚಪಾತಿ ತಿಂದರೆ ಹೊಟ್ಟೆ ಉಬ್ಬರಿಸುತ್ತದೆ, ಭೇದಿಯಾಗುತ್ತದೆ, ಮೈ ಭಾರವಾಗುತ್ತದೆ, ಬಿಟ್ಟರೆ ಹಗುರ. ಪರೀಕ್ಷೆ ಮಾಡಿಸಿದರೆ ‘ಏನೂ ಇಲ್ಲ’ ಎಂಬ ವರದಿ. ಕಾಯಿಲೆಯೂ ಇಲ್ಲ, ಆರೋಗ್ಯವೂ ಇಲ್ಲ ಎನ್ನುವ ಈ ಸ್ಥಿತಿ ಯಾಕೆ ಬರುತ್ತದೆ?

ಗೋಧಿ ಹಿಟ್ಟನ್ನು ನಾದಿದಾಗ ಬರುವ ಜಿಗುಟಿಗೆ ಕಾರಣವಾದ ಪ್ರೋಟೀನೇ ಗ್ಲುಟೆನ್. ಬಾರ್ಲಿಯಲ್ಲೂ ಇದೇ ಬಗೆಯ ಪ್ರೋಟೀನ್ ಇದೆ. ಕೆಲವರಲ್ಲಿ ದೇಹದ ರಕ್ಷಣಾ ವ್ಯವಸ್ಥೆ ಇದರಿಂದ ಕೆರಳಿ ತನ್ನದೇ ಸಣ್ಣ ಕರುಳಿನ ಒಳಪದರವನ್ನು ಹಾಳುಮಾಡುತ್ತದೆ. ಆಹಾರದ ಸಾರ ಹೀರುವ ಭಾಗವೇ ಸವೆದುಹೋಗುವುದರಿಂದ ರಕ್ತಹೀನತೆ, ಮೂಳೆ ದುರ್ಬಲವಾಗುವುದು, ಮಕ್ಕಳ ಬೆಳವಣಿಗೆ ಕುಂಠಿತವಾಗುವುದು ಮುಂತಾದ ತೊಂದರೆ ಬರುತ್ತವೆ. ಇದೇ ಸೀಲಿಯಾಕ್ ಕಾಯಿಲೆ. ಗೋಧಿ ಅಲರ್ಜಿ ಬೇರೆ. ಅದರಲ್ಲಿ ತಿಂದ ಸ್ವಲ್ಪ ಹೊತ್ತಿಗೇ ತುರಿಕೆ, ಊತ, ಉಸಿರುಕಟ್ಟುವಿಕೆ ಕಾಣಿಸಬಹುದು. ಇವೆರಡೂ ಅಲ್ಲದೆ, ಗೋಧಿ ತಿಂದಾಗ ಮಾತ್ರ ತೊಂದರೆಪಡುವವರನ್ನು ವೈದ್ಯರು ‘ಸೀಲಿಯಾಕ್ ಅಲ್ಲದ ಗ್ಲುಟೆನ್ ಸೂಕ್ಷ್ಮತೆ’ ಉಳ್ಳವರೆಂದು ಕರೆಯುತ್ತಾರೆ. ಇದನ್ನು ಖಚಿತಪಡಿಸುವ ರಕ್ತಪರೀಕ್ಷೆ ಇಲ್ಲ. ಉಳಿದ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕಿದ ಮೇಲೆ ಉಳಿಯುವ ಹೆಸರು ಇದು.

ಸೀಲಿಯಾಕ್ ಮಕ್ಕಳಿಗೆ ಗೋಧಿಯೇ ಶತ್ರುವೆಂದು ತೋರಿಸಿದವರು ನೆದರ್ಲೆಂಡ್ಸ್‌ನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ. 1944-45ರ ಚಳಿಗಾಲದಲ್ಲಿ ಅಲ್ಲಿ ಭೀಕರ ಕ್ಷಾಮ, ಬ್ರೆಡ್ಡಿಗೇ ಬರ. ಆಗ ಸುಧಾರಿಸಿದ ಮಕ್ಕಳು, ಬ್ರೆಡ್ಡು ಮತ್ತೆ ಸಿಕ್ಕಾಗ ಮತ್ತೆ ಕಾಯಿಲೆ ಬಿದ್ದರು. ಅವರಿಗೆ ಮೊದಲೇ ಇದ್ದ ಅನುಮಾನ ಬಲವಾಯಿತು. 1950ರಲ್ಲಿ ಅವರು ಈ ವಿಷಯದ ಮೇಲೆ ಪ್ರಬಂಧ ಮಂಡಿಸಿದರು.

ಭಾರತದಲ್ಲಿ ಈ ಕಾಯಿಲೆ ಗೋಧಿಯ ಹಾದಿಯನ್ನೇ ಹಿಡಿದಿದೆ. 2016ರಲ್ಲಿ ಪ್ರಕಟವಾದ, ವಯಸ್ಕರ ಮೇಲೆ ನಡೆದ ಅಧ್ಯಯನದಲ್ಲಿ ಸೀಲಿಯಾಕ್ ಸೂಚಿಸುವ ಪ್ರತಿಕಾಯಗಳು ಉತ್ತರ ಭಾರತದಲ್ಲಿ ಶೇ. 1.23ರಷ್ಟು ಜನರಲ್ಲಿ ಕಂಡರೆ, ದಕ್ಷಿಣದಲ್ಲಿ ಶೇ. 0.10ರಷ್ಟು ಜನರಲ್ಲಿ ಮಾತ್ರ ಕಂಡವು. ಕಾಯಿಲೆಗೆ ಬೇಕಾದ ವಂಶವಾಹಿಗಳು ಮಾತ್ರ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿದ್ದವು. ದಿನದ ಗೋಧಿ ಸೇವನೆ ಉತ್ತರದಲ್ಲಿ ಸರಾಸರಿ 455 ಗ್ರಾಂ, ದಕ್ಷಿಣದಲ್ಲಿ 25 ಗ್ರಾಂ. ಎಂದರೆ ಅನ್ನ ಉಣ್ಣುವವರಿಗೆ ಇದು ಬರುವುದೇ ಇಲ್ಲ ಎನ್ನುವಂತಿಲ್ಲ.

ಇಲ್ಲೇ ಹೆಚ್ಚಿನವರು ಎಡವುವುದು. ಅನುಮಾನ ಬಂದೊಡನೆ ಗೋಧಿ ಬಿಟ್ಟುಬಿಡುತ್ತಾರೆ. ತಿಂಗಳುಗಳು ಕಳೆದ ಮೇಲೆ ಪರೀಕ್ಷೆಗೆ ಹೋಗುತ್ತಾರೆ. ರಕ್ತದಲ್ಲಿ ಹುಡುಕುವ ಪ್ರತಿಕಾಯಗಳು ಗೋಧಿ ತಿನ್ನುತ್ತಿರುವಾಗ ಮಾತ್ರ ಸರಿಯಾಗಿ ಸಿಗುತ್ತವೆ. ಬಿಟ್ಟ ಮೇಲೆ ಅವು ಇಳಿಯುತ್ತವೆ, ಕರುಳೂ ಮಾಯತೊಡಗುತ್ತದೆ. ಆಗ ಬರುವ ‘ಇಲ್ಲ’ ಎಂಬ ವರದಿಯನ್ನು ನಂಬುವಂತಿಲ್ಲ. ಸರಿಯಾದ ಕ್ರಮವೆಂದರೆ ಮೊದಲು ರಕ್ತಪರೀಕ್ಷೆ, ಅಗತ್ಯವಿದ್ದರೆ ಎಂಡೋಸ್ಕೋಪಿಯಲ್ಲಿ ಕರುಳಿನ ತುಣುಕು ತೆಗೆದು ಪರೀಕ್ಷೆ, ಆಮೇಲೆ ಪಥ್ಯ. ಈಗಾಗಲೇ ಬಿಟ್ಟವರು ವೈದ್ಯರ ಮೇಲ್ವಿಚಾರಣೆಯಲ್ಲಿ ಕೆಲವು ವಾರ ಮತ್ತೆ ಗೋಧಿ ತಿಂದು ಪರೀಕ್ಷಿಸಿಕೊಳ್ಳಬೇಕಾಗುತ್ತದೆ. ವಂಶವಾಹಿ ಪರೀಕ್ಷೆಗೆ ಈ ಕಷ್ಟವಿಲ್ಲ. ಸಂಬಂಧಪಟ್ಟ ವಂಶವಾಹಿಗಳು ಇಲ್ಲವೆಂದಾದರೆ ಸೀಲಿಯಾಕ್ ಸಾಧ್ಯತೆ ಬಹುತೇಕ ಇಲ್ಲ. ಇವೆ ಎಂದ ಮಾತ್ರಕ್ಕೆ ಕಾಯಿಲೆ ಇದೆ ಎಂದೂ ಅಲ್ಲ.

ಕ್ರಮವಾಗಿ ಪರೀಕ್ಷಿಸಿಯೂ ‘ಇಲ್ಲ’ ಎಂದು ಬಂದವರ ನೋವು ಸುಳ್ಳೇ? ಅಲ್ಲ. ಆದರೆ ಅಪರಾಧಿ ಗ್ಲುಟೆನ್ ಆಗಿರಲಿಕ್ಕಿಲ್ಲ. ನಾರ್ವೆಯಲ್ಲಿ ತಾವಾಗಿಯೇ ಗ್ಲುಟೆನ್ ಬಿಟ್ಟಿದ್ದ 59 ಮಂದಿಗೆ ಮೂರು ಬಗೆಯ ತಿನಿಸನ್ನು, ಯಾವುದರಲ್ಲಿ ಏನಿದೆ ಎಂದು ತಿಳಿಸದೆ, ಒಂದೊಂದು ವಾರ ಕೊಟ್ಟು ನೋಡಲಾಯಿತು. 2018ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಹೆಚ್ಚು ತೊಂದರೆ ಕೊಟ್ಟದ್ದು ಗ್ಲುಟೆನ್ ಅಲ್ಲ, ಗೋಧಿಯಲ್ಲೇ ಇರುವ ಫ್ರಕ್ಟಾನ್ ಎಂಬ ಸಕ್ಕರೆಯ ಸರಪಣಿ. ಇದು ಈರುಳ್ಳಿ, ಬೆಳ್ಳುಳ್ಳಿಯಲ್ಲೂ ಇದೆ. ಚಪಾತಿ ಬಿಟ್ಟರೂ ಪೂರ್ತಿ ಹಗುರಾಗದವರು ಇದನ್ನು ಗಮನಿಸಬಹುದು.

ಪಥ್ಯ ಹಿಡಿಯುವವರಿಗೆ ನಮ್ಮ ಅಡುಗೆಮನೆ ಅನುಕೂಲವಾದದ್ದೇ. ಅಕ್ಕಿರೊಟ್ಟಿ, ಕಡುಬು, ರಾಗಿಮುದ್ದೆ, ಜೋಳದ ರೊಟ್ಟಿ ಯಾವುದರಲ್ಲೂ ಗ್ಲುಟೆನ್ ಇಲ್ಲ, ಹಿಟ್ಟಿಗೆ ಬೇರೇನೂ ಬೆರೆಸದಿದ್ದರೆ. ಮೋಸ ಮಾಡುವುದು ಹೆಸರುಗಳು. ಇಡ್ಲಿ ರವೆ ಅಕ್ಕಿಯದು, ಉಪ್ಪಿಟ್ಟಿನ ರವೆ ಗೋಧಿಯದು. ಮನೆಯಲ್ಲಿ ಒತ್ತಿದ ಶ್ಯಾವಿಗೆ ಅಕ್ಕಿಯದು, ಪಾಯಸದ ಪ್ಯಾಕೆಟ್ ಶ್ಯಾವಿಗೆ ಸಾಮಾನ್ಯವಾಗಿ ಗೋಧಿಯದು. ರಾಗಿ ಮಾಲ್ಟ್ ಆಗುತ್ತದೆ, ಬಾರ್ಲಿ ಮಾಲ್ಟಿನ ಪಾನೀಯ ಆಗದು. ಸಾರಿನ ಒಗ್ಗರಣೆಗೆ ಹಾಕುವ ಇಂಗಿನಲ್ಲೂ ಹಲವು ವೇಳೆ ಮೈದಾ ಬೆರೆತಿರುತ್ತದೆ. ಆರೋಗ್ಯಕ್ಕೆ ಒಳ್ಳೆಯದೆಂದು ಮಾರುವ ಸದಕ ಅಥವಾ ಜವೆ ಗೋಧಿಯೂ ಗೋಧಿಯೇ. ಸೀಲಿಯಾಕ್ ಇರುವವರಿಗೆ ನಿಷಿದ್ಧ. ‘ಗ್ಲುಟೆನ್ ರಹಿತ’ ಎಂಬ ಚೀಟಿ ಅಂಟಿಸಲು ಕಿಲೋಗೆ 20 ಮಿಲಿಗ್ರಾಂ ಮೀರಬಾರದೆಂಬುದು ನಮ್ಮ ದೇಶದ ನಿಯಮ.

ಮನೆಯ ಊಟ ಸುಲಭ, ಪಂಕ್ತಿಯ ಊಟ ಕಷ್ಟ. ಎಲೆಗೆ ಬಂದ ಹೋಳಿಗೆ ಬೇಡವೆಂದರೆ ಬಡಿಸುವವರಿಗೆ ಬೇಸರ, ‘ಡಾಕ್ಟರು ಏನಂದರು?’ ಎಂಬ ಪ್ರಶ್ನೆಗೆ ಹೇಳಲು ಒಂದು ಹೆಸರಿಲ್ಲ. ಬಿಂಕವೆಂದು ತಿಳಿಯುವವರೂ ಉಂಟು. ನಾಚಿಕೊಂಡು ತಿಂದು, ರಾತ್ರಿಯೆಲ್ಲ ಹೊಟ್ಟೆ ಹಿಡಿದುಕೊಂಡವರ ಸಂಕಟ ಬೇರೆಯವರಿಗೆ ಕಾಣುವುದಿಲ್ಲ.

ಆದರೂ ಪರೀಕ್ಷೆಯ ಹಾದಿಯನ್ನು ಕೊನೆವರೆಗೆ ನಡೆಯುವುದು ಲೇಸು. ಸೀಲಿಯಾಕ್ ಖಚಿತವಾದರೆ ಬದುಕಿಡೀ ಒಂದು ತುಣುಕೂ ಸಲ್ಲದು. ಒಡಹುಟ್ಟಿದವರು, ಮಕ್ಕಳೂ ಪರೀಕ್ಷಿಸಿಕೊಳ್ಳಬೇಕು. ಅದಲ್ಲವೆಂದಾದರೆ ಅಷ್ಟು ಕಟ್ಟುನಿಟ್ಟು ಬೇಡ. ಕೆಲವು ವಾರ ಬಿಟ್ಟು, ಮತ್ತೆ ಸ್ವಲ್ಪ ಸ್ವಲ್ಪ ತಿಂದು, ಎಷ್ಟು ಒಗ್ಗುತ್ತದೆ ಎಂದು ಪಥ್ಯತಜ್ಞರ ಸಲಹೆಯಂತೆ ತಿಳಿದುಕೊಳ್ಳಬಹುದು. ತೂಕ ಇಳಿದರೆ, ಮಲದಲ್ಲಿ ರಕ್ತ ಕಂಡರೆ, ರಕ್ತಹೀನತೆ ಬಿಡದಿದ್ದರೆ ಗೋಧಿಯನ್ನೇ ದೂರುತ್ತ ಕೂರದೆ ಬೇಗ ವೈದ್ಯರ ಬಳಿ ಹೋಗಬೇಕು.